ದ್ರಾಕ್ಷಿಯ ಕುಲವೂ ಮದ್ಯದ ಕೀರ್ತಿಯೂ

ಫ್ರಾನ್ಸು ದೇಶದ ಕೆಂಪು ದ್ರಾಕ್ಷಾಮದ್ಯಗಳು ಬಹುಮಟ್ಟಿಗೆ ತಾವು ಹುಟ್ಟಿದ ನೆಲದ ಹೆಸರಿನಿಂದಲೇ ಪ್ರಸಿದ್ಧವಾಗಿವೆ. ಬೋರ್ಡೋ, ಬರ್ಗಂಡಿ, ಬೋಜೊಲೇ ಎಂಬಿವು ಸ್ಥಳನಾಮಗಳೇ ಹೊರತು ಹಣ್ಣಿನ ಹೆಸರುಗಳಲ್ಲ. ಈ ಪದ್ಧತಿ ನಮ್ಮ ಶಾಸ್ತ್ರಕಾರರಿಗೂ ಅಪರಿಚಿತವಲ್ಲ. ಕೌಟಿಲ್ಯನು ದ್ರಾಕ್ಷಾರಸದಿಂದಾದ ಮಧುವಿಗೆ ಕಾಪಿಶಾಯನ, ಹಾರಹೂರಕ ಎಂಬ ದೇಶನಿಮಿತ್ತವಾದ ಹೆಸರುಗಳನ್ನು ಹೇಳಿರುವನು. ಕಾಪಿಶಾಯನಶಬ್ದದ ಸಾಧನೆಗಾಗಿ ಪಾಣಿನಿಯಲ್ಲಿ ಒಂದು ಸೂತ್ರವೇ ಉಂಟು (೪-೨-೯೯). ಅದಕ್ಕೆ ಕಾಶಿಕಾವೃತ್ತಿಯು ಮಧುವನ್ನೂ ದ್ರಾಕ್ಷಿಯನ್ನೂ ಉದಾಹರಿಸಿದೆ. ಆದರೆ ಆ ದ್ರಾಕ್ಷಿಯ ಕುಲವಾವುದೆಂಬ ಪ್ರಶ್ನೆ ಅಲ್ಲಿ ಏಳಲಿಲ್ಲ. ಫ್ರಾನ್ಸಿನಲ್ಲಿ ಆ ಪ್ರಶ್ನೆಯನ್ನು ರಾಜಾಜ್ಞೆಯೊಂದು ಎತ್ತಿತು. ಅದಕ್ಕೆ ತಕ್ಕ ಉತ್ತರವು ದೊರೆತದ್ದು ಆರು ಶತಮಾನಗಳ ತರುವಾಯ. ಆ ಪ್ರಶ್ನೋತ್ತರಗಳ ಇತಿಹಾಸವನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಬರ್ಗಂಡಿಯ ಸೀತೋ ಎಂಬಲ್ಲಿ ೧೦೯೮ರಲ್ಲಿ ಸ್ಥಾಪಿತವಾದ ಕ್ರೈಸ್ತಮಠದ ಯತಿಗಳು ದ್ರಾಕ್ಷಿತೋಟಗಳನ್ನು ಶ್ರದ್ಧೆಯಿಂದ ಬೆಳೆಸಿದರು. ಅವರು ಗೋಡೆ ಕಟ್ಟಿ ಕಾಪಾಡಿದ ವೂಜೋ ತೋಟವು ಇಂದಿಗೂ ಪ್ರಖ್ಯಾತವಾಗಿದೆ. ಆ ಸೀಮೆಯಲ್ಲಿ ಮಾನ್ಯವಾದ ಕಪ್ಪುದ್ರಾಕ್ಷಿ ಪಿನೋ. ಇದು ಸೂಕ್ಷ್ಮವಾದ ಬಳ್ಳಿ; ಇದರ ಫಸಲು ಕಡಮೆ. ಹದಿನಾಲ್ಕನೆಯ ಶತಮಾನದಲ್ಲಿ ಗಾಮೇ ಎಂಬ ಮತ್ತೊಂದು ಕಪ್ಪುದ್ರಾಕ್ಷಿಯು ಅಲ್ಲಿ ಹಬ್ಬತೊಡಗಿತು. ಇದು ಬೇಗ ಮಾಗುವುದು, ಹೇರಳವಾಗಿ ಕಾಯುವುದು. ಆದುದರಿಂದ ಒಕ್ಕಲಿಗರಿಗೆ ಮೆಚ್ಚಾಯಿತು. ಬರ್ಗಂಡಿಯ ಅಧಿಪತಿಯಾದ ದಿಟ್ಟ ಫಿಲಿಪನಿಗೆ ಮಾತ್ರ ಇದು ಸೇರಲಿಲ್ಲ. ೧೩೯೫ರಲ್ಲಿ ಅವನು ಹೊರಡಿಸಿದ ಶಾಸನವು ಗಾಮೇಯನ್ನು ದುಷ್ಟವೂ ದ್ರೋಹಿಯೂ ಆದ ಗಿಡವೆಂದು ನಿಂದಿಸಿ, ಅದನ್ನು ಕಿತ್ತುಹಾಕಬೇಕೆಂದು ವಿಧಿಸಿತು. ಗಿಡಕ್ಕೆ ಕುಲೀನತೆ ಹೀನತೆಗಳನ್ನು ಹೀಗೆ ಆರೋಪಿಸಿದುದು ಗಮನಾರ್ಹ.

ಪಶ್ಚಿಮದ ಬೋರ್ಡೋ ಸೀಮೆಯಲ್ಲಿ ಕೀರ್ತಿಯ ಅಳತೆಗೋಲು ಬೇರೆಯಾಗಿತ್ತು. ೧೧೫೨ರಲ್ಲಿ ಆಕ್ವಿಟೇನಿನ ಎಲಿಯನೋರಳನ್ನು ಮದುವೆಯಾದ ಹೆನ್ರಿಯು ಎರಡು ವರ್ಷಗಳಲ್ಲಿ ಇಂಗ್ಲೆಂಡಿನ ದೊರೆಯಾದನು. ಅಂದಿನಿಂದ ೧೪೫೩ರ ಕಾಸ್ತಿಯೋಂ ಯುದ್ಧದವರೆಗೆ ಆ ಪ್ರಾಂತಕ್ಕೂ ಆಂಗ್ಲ ಸಿಂಹಾಸನಕ್ಕೂ ಸಂಬಂಧವಿದ್ದು, ಮದ್ಯದ ವ್ಯಾಪಾರವು ಸಮುದ್ರಮಾರ್ಗದಲ್ಲಿ ವೃದ್ಧಿಹೊಂದಿತು. ೧೮೫೫ರ ಪ್ಯಾರಿಸ್ ಪ್ರದರ್ಶನದ ಸಲುವಾಗಿ ಬೋರ್ಡೋ ದಳ್ಳಾಳಿಗಳು ತಯಾರಿಸಿದ ಪಟ್ಟಿಯು ಕೆಂಪು ಮದ್ಯಗಳನ್ನು ಐದು ತರಗತಿಗಳಾಗಿ ವಿಂಗಡಿಸಿತು. ಮೊದಲನೆಯ ತರಗತಿಯಲ್ಲಿದ್ದವು ಲಫೀತ್, ಲತೂರ್, ಮಾರ್ಗೋ, ಓಬ್ರಿಯೋಂ ಎಂಬ ನಾಲ್ಕು; ಐದನೆಯದಾದ ಮೂತೋನಿಗೆ ಆ ಪದವಿ ಲಭಿಸಿದ್ದು ೧೯೭೩ರಲ್ಲಿ. ಈ ತಾರತಮ್ಯಕ್ಕೆ ಮುಖ್ಯ ಪ್ರಮಾಣವಾಗಿದ್ದುದು ಪೇಟೆಯ ಬೆಲೆ. ಪಟ್ಟಿಯಲ್ಲಿ ತೋಟಗಳ ಹೆಸರುಗಳುಂಟು, ಹಣ್ಣುಗಳ ಹೆಸರಿಲ್ಲ. ಆದರೂ ಆ ಕೀರ್ತಿಗೆ ಆಧಾರವಾಗಿ ನಿಂತವು ಕಾಬರ್ನೇ ಸೋವಿನ್ಯೋಂ, ಮೆರ್ಲೋ, ಕಾಬರ್ನೇ ಫ್ರಾಂ ಮುಂತಾದ ಕಪ್ಪುದ್ರಾಕ್ಷಿಗಳು.

ಇವುಗಳ ಕುಲವನ್ನು ನಿರ್ಣಯಿಸುವ ಮೊದಲು ದ್ರಾಕ್ಷಿಯ ಒಂದು ಸ್ವಭಾವವನ್ನು ತಿಳಿಯಬೇಕು. ಬೀಜದಿಂದ ಹುಟ್ಟಿದ ಸಸಿಯು ತಾಯಿಬಳ್ಳಿಯಂತೆಯೇ ಇರುವುದಿಲ್ಲ. ಅದೊಂದು ಹೊಸ ವ್ಯಕ್ತಿ. ಜಾತಿಯನ್ನು ಉಳಿಸಬೇಕಾದರೆ ಕಡ್ಡಿಯನ್ನು ಕತ್ತರಿಸಿ ನೆಡಬೇಕು. ಆದುದರಿಂದ ಇಂದಿನ ಪಿನೋ ಬಳ್ಳಿಗಳೆಲ್ಲವೂ ಒಂದೇ ಪ್ರಾಚೀನ ಸಸಿಯ ಪ್ರತಿಗಳು. ಓಲೆಗರಿಯ ಗ್ರಂಥವನ್ನು ಪ್ರತಿಮಾಡುತ್ತ ಬಂದಂತೆ ಪಾಠಭೇದಗಳು ಸೇರುವ ಹಾಗೆ ಇಲ್ಲಿಯೂ ಅಪರೂಪಕ್ಕೆ ವ್ಯತ್ಯಾಸಗಳು ತಲೆದೋರುವುವು. ಬೂದುಬಣ್ಣದ ಪಿನೋ, ಬಿಳಿಯ ಪಿನೋ ಎಂಬಿವು ಬೇರೆ ಗ್ರಂಥಗಳಲ್ಲ, ಕಪ್ಪು ಪಿನೋವಿನ ಪಾಠಾಂತರಗಳು.

ಮಾತೃಕೆಗಳ ಅಕ್ಷರಗಳನ್ನು ತಾಳೆನೋಡುವಂತೆ ಬಳ್ಳಿಗಳ ವಂಶವಾಹಿಗಳನ್ನು ತಾಳೆನೋಡುವ ಡಿ.ಎನ್.ಎ. ಪರೀಕ್ಷೆಯು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಈ ವಿಷಯಕ್ಕೆ ಬೆಳಕು ತಂದಿತು. ೧೯೯೭ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿದ್ಯಾಲಯದ ಬೌಅರ್ಸ್ ಮತ್ತು ಕೆರೋಲ್ ಮೆರೆಡಿತ್ ಎಂಬ ವಿದ್ವಾಂಸರು, ಕಾಬರ್ನೇ ಸೋವಿನ್ಯೋಂ ಕಪ್ಪಾದ ಕಾಬರ್ನೇ ಫ್ರಾಂ ಮತ್ತು ಬಿಳಿಯ ಸೋವಿನ್ಯೋಂ ಬ್ಲಾಂಗಳ ಸಂತಾನವೆಂದು ಸಿದ್ಧಪಡಿಸಿದರು. ಪ್ಲಿನಿಯು ಹೇಳಿದ ಬಿಟೂರಿಕಾ ಎಂಬ ರೋಮನರ ದ್ರಾಕ್ಷಿಯೇ ಇದೆಂದು ಹಿಂದೆ ಕೆಲವರು ಊಹಿಸಿದ್ದುಂಟು. ತಾಯ್ತಂದೆಗಳಿಬ್ಬರ ಹೆಸರೂ ಸಮಾಸರೂಪದಲ್ಲಿ ಕಣ್ಣೆದುರಿಗೇ ಇದ್ದರೂ ಅದರ ವಿಗ್ರಹವಾಕ್ಯವು ಪ್ರಮಾಣಪೂರ್ವಕವಾಗಿ ದೊರೆಯಲು ಇಷ್ಟು ಕಾಲ ಬೇಕಾಯಿತು. ಕಪ್ಪುಹಣ್ಣಿಗೆ ಬಿಳಿಯ ಜನಕತ್ವವು ಅಸಂಗತವಲ್ಲ. ಕಪ್ಪುದ್ರಾಕ್ಷಿಗಳಲ್ಲಿ ಹೆಚ್ಚಿನವುಗಳ ರಸಕ್ಕೆ ಬಣ್ಣವಿಲ್ಲ. ರಸವು ಸಿಪ್ಪೆಯೊಡನೆ ಹುದುಗಿದಾಗಲೇ ಮದ್ಯಕ್ಕೆ ಕೆಂಪೂ ಒಗರೂ ಬರುವುವು.

ಇದಕ್ಕಿಂತಲೂ ಆಶ್ಚರ್ಯಕರವಾದ ಫಲಿತಾಂಶವು ೧೯೯೯ರಲ್ಲಿ ಪ್ರಕಟವಾಯಿತು. ಅದೇ ವಿದ್ವಾಂಸರು ಫ್ರೆಂಚ್ ಸಹಕಾರಿಗಳೊಡನೆ ಪರೀಕ್ಷಿಸಲಾಗಿ, ಗಾಮೇ, ಶಾರ್ಡೊನೇ ಮುಂತಾದ ಹದಿನಾರು ಜಾತಿಗಳು ಪಿನೋವಿಗೂ ಗೂಯೇ ಬ್ಲಾಂ ಎಂಬ ಬಿಳಿದ್ರಾಕ್ಷಿಗೂ ಹುಟ್ಟಿದ ಮಕ್ಕಳೆಂದು ತಿಳಿದುಬಂದಿತು. ಗೂಯೇ ಎಂಬುದು ಬಡವರ ಹಿತ್ತಿಲ ಬಳ್ಳಿ, ಹುಳಿಮದ್ಯದ ಮೂಲವೆಂದು ತಾತ್ಸಾರಕ್ಕೆ ಗುರಿಯಾದುದು. ಎಂದಮೇಲೆ ಫಿಲಿಪನು ದ್ರೋಹಿಯೆಂದು ಹೊರದೂಡಿದ ಗಾಮೇಯು ಅವನ ಪ್ರೀತಿಯ ಪಿನೋವಿನ ಮಗುವೇ ಆಗಿತ್ತು. ಬರ್ಗಂಡಿಯ ಬಿಳಿಮದ್ಯಕ್ಕೆ ಕೀರ್ತಿ ತಂದ ಶಾರ್ಡೊನೇ ಆ ಗಾಮೇಯ ಒಡಹುಟ್ಟು. ಮೆರ್ಲೋವಿನ ಕಥೆಯೂ ಇಂತಹದೇ. ಅದರ ಜನಕರಲ್ಲಿ ಒಂದು ಕಾಬರ್ನೇ ಫ್ರಾಂ. ಇನ್ನೊಂದು ಬ್ರಿಟನಿಯಲ್ಲಿ ೧೯೯೬ರಲ್ಲಿ ಕಣ್ಣಿಗೆ ಬಿದ್ದ, ಯಾರೂ ಕೃಷಿಮಾಡದೆ ಬಿಟ್ಟಿದ್ದ ಬಳ್ಳಿಯೆಂದು ೨೦೦೯ರಲ್ಲಿ ನಿರ್ಣಯವಾಯಿತು.

ಋಷಿಮೂಲ ನದೀಮೂಲಗಳನ್ನು ಕೆದಕಬಾರದೆಂಬ ಗಾದೆಯನ್ನು ಇಲ್ಲಿ ಯಾರಾದರೂ ನೆನೆದಾರು. ಆದರೆ ಮೂಲವನ್ನು ಕೆದಕಿದ್ದರಿಂದ ಇಲ್ಲಿ ಯಾರ ಕೀರ್ತಿಯೂ ಕುಂದಲಿಲ್ಲ. ಕುಲದ ಅಭಿಮಾನವಷ್ಟೇ ಕರಗಿತು. ಅದು ಹಿಂದೆಯೇ ಒಮ್ಮೆ ಕರಗಿಯೂ ಇದ್ದಿತು. ೧೮೬೦ರ ಈಚೆಗೆ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಕೀಟವು ಬೇರನ್ನು ಹೀರಿ ಫ್ರಾನ್ಸಿನ ತೋಟಗಳನ್ನು ಹಾಳುಮಾಡಿತು. ೧೮೬೮ರಲ್ಲಿ ಪ್ಲಾಂಶೋಂ ಮತ್ತು ಅವನ ಸಂಗಡಿಗರು ಸಾಯುವ ಬಳ್ಳಿಗಳ ಬೇರಿನಲ್ಲಿ ಅದನ್ನು ಪತ್ತೆಹಚ್ಚಿದರು. ಉಳಿದ ಉಪಾಯವೆಂದರೆ ಕೀಟವನ್ನು ತಾಳಿಕೊಳ್ಳುವ ಅಮೆರಿಕದ ಕಾಡುದ್ರಾಕ್ಷಿಯ ಬೇರಿಗೆ ಫ್ರೆಂಚ್ ಕಡ್ಡಿಯನ್ನು ಕಸಿಮಾಡುವುದು. ಇಂದು ಆ ಮಹಾತೋಟಗಳ ಬಳ್ಳಿಗಳು ಬಹುತೇಕ ಪರದೇಶದ ಬೇರಿನ ಮೇಲೆಯೇ ನಿಂತಿವೆ. ಆ ವಿಪ್ಲವದಲ್ಲಿ ಬೋರ್ಡೋವಿನಿಂದ ಬಹುಮಟ್ಟಿಗೆ ಮರೆಯಾದ ಕಾರ್ಮೆನೇರ್ ಜಾತಿಯು ಚಿಲಿ ದೇಶದಲ್ಲಿ ಮೆರ್ಲೋ ಎಂಬ ತಪ್ಪು ಹೆಸರಿನಲ್ಲಿ ಬದುಕಿದ್ದುದನ್ನು ೧೯೯೪ರಲ್ಲಿ ಬೂರ್ಸಿಕೋ ಎಂಬ ಫ್ರೆಂಚ್ ಪಂಡಿತನು ಎಲೆಹೂಗಳ ಲಕ್ಷಣದಿಂದ ಗುರುತಿಸಿದನು.

ಹಾಗಾದರೆ ಫಿಲಿಪನ ಶಾಸನವು ಕೇವಲ ಅವಿವೇಕವೇ? ಅಲ್ಲ. ಹೇರಳವಾದ ಫಸಲು ರಸವನ್ನು ನೀರಾಗಿಸುವುದೆಂಬ ಅವನ ಆತಂಕದಲ್ಲಿ ಸತ್ಯವುಂಟು. ಬರ್ಗಂಡಿಯ ಉತ್ತಮ ಕೆಂಪು ಮದ್ಯವು ಇಂದಿಗೂ ಪಿನೋವಿನದೇ. ಆದರೆ ದೋಷವನ್ನು ಅವನು ಕುಲದಲ್ಲಿ ಕಂಡನು. ಅದೇ ಗಾಮೇಯು ದಕ್ಷಿಣದಲ್ಲಿ ಬೋಜೊಲೇಯ ಕಣಶಿಲೆಯ ನೆಲದಲ್ಲಿ, ಹತೋಟಿಯಲ್ಲಿಟ್ಟ ಫಸಲಿನಿಂದ ಗಣ್ಯವಾದ ಮದ್ಯವನ್ನು ಕೊಡುತ್ತಿದೆ. ನೆಲ, ಬಳ್ಳಿ, ಕೈಗೆಲಸ ಮೂರೂ ಕೂಡಿದಲ್ಲಿ ಗುಣವೆಂಬುದೇ ಸಿದ್ಧಾಂತ.

ಗ್ರಂಥಸಂಪಾದನೆಯಲ್ಲಿ ತೊಡಗಿದವರು ಇಲ್ಲಿ ಗ್ರಹಿಸಬೇಕಾದುದು ಮತ್ತೊಂದುಂಟು. ಗೂಯೇ ಬಳ್ಳಿಯನ್ನು ಹೀನವೆಂದು ನಿಶ್ಶೇಷವಾಗಿ ಅಳಿಸಿಬಿಟ್ಟಿದ್ದರೆ ಶಾರ್ಡೊನೇಯ ವಂಶವನ್ನು ನಿರ್ಣಯಿಸುವುದು ಬಹು ಕಷ್ಟವಾಗುತ್ತಿತ್ತು. ಮೊಂಪೆಲ್ಯೆಯಲ್ಲಿ ೧೮೭೬ರಲ್ಲಿ ಆರಂಭವಾದ ದ್ರಾಕ್ಷಿಸಂಗ್ರಹದಂತಹ ಭಾಂಡಾರಗಳು ಯೋಗ್ಯ ಅಯೋಗ್ಯವೆನ್ನದೆ ಬಳ್ಳಿಗಳನ್ನು ಕೂಡಿಟ್ಟುದರಿಂದಲೇ ಇಂತಹ ಶೋಧನೆಗಳು ಸಾಧ್ಯವಾದುವು. ಅಶುದ್ಧಪ್ರತಿಯೆಂದು ಮೂಲೆಗೆಸೆದ ಓಲೆಯ ಕಟ್ಟೂ ಒಂದು ದಿನ ಸಾಕ್ಷಿ ನುಡಿಯಬಹುದು. ಅದನ್ನು ಉಳಿಸಿಕೊಳ್ಳುವುದು ವಿದ್ವಾಂಸರ ಧರ್ಮ.