ಕೊಟ್ಟೂರಿನಿಂದ ಹರಿಹರಕ್ಕೆ: 65 ಕಿಲೋಮೀಟರು, 114 ವರ್ಷ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಐದು ತಾಲ್ಲೂಕು, ನಾಲ್ಕು ದಿನ ರಜೆ. ಬೆಂಗಳೂರಿನಿಂದ ವಿಮಾನದಲ್ಲೋ ರೈಲಿನಲ್ಲೋ ಹೋಗುವುದು, ಅಲ್ಲಿ ಸ್ವಲ್ಪ ರೈಲು, ಸ್ವಲ್ಪ ಕಾರು. ಇದು ಈ ವರ್ಷದ ನಮ್ಮ ಮನೆಯ ಪ್ಲಾನು. ಪ್ಲಾನ್ ಮಾಡುವ ಕೆಲಸ ನನ್ನ ತಲೆಗೆ ಬಂತು. ಸಾಫ್ಟ್‌ವೇರಿನವನಲ್ಲವೇ, ಎಕ್ಸೆಲ್ ಶೀಟ್ ಬರುತ್ತದೆ ಅಂತ ಎಲ್ಲರ ನಂಬಿಕೆ :-)

ಇಂಜಿನಿಯರಿಂಗ್ ಓದಿದವರಿಗೆ ಗ್ರಾಫ್ ಥಿಯರಿ ನೆನಪಿರಬಹುದು. ಊರುಗಳೆಲ್ಲ ಚುಕ್ಕಿ, ದಾರಿಗಳೆಲ್ಲ ಗೆರೆ. ಯಾವ ಚುಕ್ಕಿಯಿಂದ ಯಾವ ಚುಕ್ಕಿಗೆ ಕಡಿಮೆ ಖರ್ಚಿನ ದಾರಿ ಅಂತ ಹುಡುಕುವುದು. ನಾನೂ ಹಾಗೇ ಶುರು ಮಾಡಿದೆ. ಆದರೆ ಗೆರೆಗಳನ್ನು ಎಳೆಯುತ್ತಾ ಹೋದ ಹಾಗೆ ಒಂದು ಪ್ರಶ್ನೆ ಕಾಡತೊಡಗಿತು. ಈ ಗೆರೆ ಇಲ್ಲಿ ಯಾಕಿದೆ? ಅಲ್ಲಿ ಯಾಕಿಲ್ಲ? ಪ್ಲಾನ್ ಅರ್ಧಕ್ಕೆ ನಿಂತು ಈ ಬರಹ ಶುರುವಾಯಿತು.

ಮೊದಲು ರೈಲು ಬರುವುದಕ್ಕಿಂತ ಹಿಂದಿನ ಮಾತು. ಆಗ ಈ ಕಡೆಯ ಜನ ಪ್ರವಾಸ ಹೋಗುತ್ತಿರಲಿಲ್ಲವೇ? ಹೋಗುತ್ತಿದ್ದರು. ಅದಕ್ಕೆ ಜಾತ್ರೆ ಅಂತ ಹೆಸರು. ನಮ್ಮಜ್ಜಿಯ ತವರು ಹಡಗಲಿ ತಾಲ್ಲೂಕು. ಅವಳ ಬಾಯಲ್ಲಿ ಕೇಳಿದ್ದು: "ಭರತ ಹುಣ್ಣಿವಿಗೆ ಮೈಲಾರ, ಆಮ್ಯಾಲೆ ಕೊಟ್ಟೂರು, ಶಿವರಾತ್ರಿಗೆ ಕುರುವತ್ತಿ. ಬಂಡಿ ಹೂಡಿದ್ರೆ ಮುಗೀತು, ನಿಮ್ಮಂಗ ಟಿಕೀಟು ಎಲ್ಲಿತ್ತೋ ತಮ್ಮ?" ಪಂಚಾಂಗ ತೆಗೆದು ನೋಡಿದೆ. ಮೈಲಾರಲಿಂಗನ ಜಾತ್ರೆ ಮಾಘದ ಹುಣ್ಣಿಮೆಗೆ. ಕೊಟ್ಟೂರು ಗುರುಬಸವೇಶ್ವರನ ತೇರು ಮಾಘ ಬಹುಳ ದಶಮಿಯ ಹೊತ್ತಿಗೆ, ಮೂಲಾ ನಕ್ಷತ್ರ ನೋಡಿಕೊಂಡು. ಕುರುವತ್ತಿ ಬಸವಣ್ಣನ ಜಾತ್ರೆ ಶಿವರಾತ್ರಿ ಅಮಾವಾಸ್ಯೆಗೆ. ಹುಣ್ಣಿಮೆಯಿಂದ ಅಮಾವಾಸ್ಯೆಯೊಳಗೆ ಮೂರೂ ಮುಗಿಯುತ್ತವೆ. ಸುಗ್ಗಿ ಮುಗಿದು ಕೈ ಬಿಡುವಾಗಿರುವ ಕಾಲ, ಹೊಳೆಯಲ್ಲಿ ನೀರು ಇಳಿದಿರುವ ಕಾಲ. ಮೈಲಾರ, ಕುರುವತ್ತಿ ಎರಡೂ ತುಂಗಭದ್ರೆಯ ದಂಡೆಯಲ್ಲೇ ಇವೆ. ಕುರುವತ್ತಿಯಲ್ಲಿ ದನಗಳ ಜಾತ್ರೆಯೂ ಉಂಟು, ಎತ್ತು ಕೊಂಡು ಮಾರಿ ಊರಿಗೆ ಮರಳಬಹುದು. ಚಂದ್ರನೇ ಟೈಮ್‌ಟೇಬಲ್ಲು! ಈ ಪ್ಲಾನ್ ಮಾಡಿದವರು ಯಾರೋ ಗೊತ್ತಿಲ್ಲ, ಆದರೆ ಅದರಲ್ಲಿ ಈ ನೆಲದವರ ಅನುಕೂಲವೇ ಮುಖ್ಯವಾಗಿತ್ತು ಅನ್ನುವುದು ಮಾತ್ರ ಕಾಣುತ್ತದೆ.

ಇನ್ನು ರೈಲಿನ ಕಥೆ. ಈ ಐದೂ ತಾಲ್ಲೂಕುಗಳು ಬ್ರಿಟಿಷರ ಕಾಲದಲ್ಲಿ ಮದ್ರಾಸ್ ಪ್ರೆಸಿಡೆನ್ಸಿಯ ಬಳ್ಳಾರಿ ಜಿಲ್ಲೆಯವು. ಇಲ್ಲಿಯ ರೈಲಿನ ಚರಿತ್ರೆ ಶುರುವಾಗುವುದು ಬರಗಾಲದಿಂದ. 1876ರಿಂದ 78ರವರೆಗಿನ ಮಹಾ ಬರದ ನಂತರ ಬಳ್ಳಾರಿ ಜಿಲ್ಲೆಯ ಜನಗಣತಿ ನೋಡಿದರೆ ಎದೆ ಝಲ್ಲೆನ್ನುತ್ತದೆ. 1871ಕ್ಕೂ 1881ಕ್ಕೂ ನಡುವೆ ಜನಸಂಖ್ಯೆ ಸುಮಾರು ಐದರಲ್ಲೊಂದು ಪಾಲು ಇಳಿದುಹೋಗಿತ್ತು. ಕಾಳು ಇರುವ ಕಡೆಯಿಂದ ಇಲ್ಲದ ಕಡೆಗೆ ಸಾಗಿಸಲು ದಾರಿ ಬೇಕು ಅಂತ 1880ರ ಬರಗಾಲ ಆಯೋಗ ರೈಲುಗಳನ್ನು ಹಾಕಲು ಹೇಳಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಬಳ್ಳಾರಿಯಿಂದ ಹೊಸಪೇಟೆಗೆ 1884ರಲ್ಲಿ ರೈಲು ಬಂತು. ಅಲ್ಲಿಂದ ಮುಂದೆ ಗದಗ, ಹುಬ್ಬಳ್ಳಿ.

ಹೊಸಪೇಟೆಯಿಂದ ದಕ್ಷಿಣಕ್ಕೆ ಒಂದು ಕೊಂಬೆ ಕೊಟ್ಟೂರಿಗೆ ಚಾಚಿಕೊಂಡದ್ದು 1905ರಲ್ಲಿ. ಸುಮಾರು 70 ಕಿಲೋಮೀಟರು, ಮೀಟರ್ ಗೇಜು. ಮರಿಯಮ್ಮನಹಳ್ಳಿ, ಹಗರಿಬೊಮ್ಮನಹಳ್ಳಿ ದಾಟಿ ಕೊಟ್ಟೂರು. ಅಲ್ಲಿಗೆ ಮುಕ್ತಾಯ. ಹಳಿ ಅಲ್ಲೇ ನಿಂತುಬಿಟ್ಟಿತು.

ಇಲ್ಲಿಂದ ಮುಂದೆ ನನಗೆ ಕುತೂಹಲ ಹುಟ್ಟಿಸಿದ ವಿಷಯ. ಕೊಟ್ಟೂರಿನಿಂದ ಹರಪನಹಳ್ಳಿ ಮೇಲೆ ಹರಿಹರಕ್ಕೆ 65 ಕಿಲೋಮೀಟರು. ಹರಿಹರದ ಮೂಲಕ ಬೆಂಗಳೂರು–ಹುಬ್ಬಳ್ಳಿ ರೈಲು ದಾರಿ 1880ರ ದಶಕದ ಕೊನೆಗೇ ಸಿದ್ಧವಾಗಿತ್ತು. ಅದೂ ಮೀಟರ್ ಗೇಜೇ. ತಮಾಷೆ ನೋಡಿ, ಆಗ ಮೈಸೂರು ಸಂಸ್ಥಾನದ ಆ ರೈಲನ್ನು ಓಡಿಸುತ್ತಿದ್ದದ್ದೂ ಇದೇ ಸದರ್ನ್ ಮರಾಠಾ ಕಂಪನಿ! ಒಂದೇ ಅಳತೆಯ ಹಳಿ, ಒಂದೇ ಕಂಪನಿ, ನಡುವೆ 65 ಕಿಲೋಮೀಟರಿನ ಬಯಲು. ಘಟ್ಟ ಇಲ್ಲ, ದೊಡ್ಡ ಕಾಡಿಲ್ಲ. ತಾಂತ್ರಿಕವಾಗಿ ನೋಡಿದರೆ ಜೋಡಿಸದೇ ಇರಲು ನನಗೆ ಕಾರಣ ಕಾಣುವುದಿಲ್ಲ.

ಆದರೆ ನಕ್ಷೆಯಲ್ಲಿ ಒಂದು ಗಡಿ ಇತ್ತು. ಕೊಟ್ಟೂರು, ಹರಪನಹಳ್ಳಿ ಮದ್ರಾಸಿನವು. ಹರಿಹರ, ದಾವಣಗೆರೆ ಮೈಸೂರಿನವು. ಬರ ಬಂದರೆ ಬಳ್ಳಾರಿಗೆ ಕಾಳು ಒದಗಿಸುವ ಹೊಣೆ ಮದ್ರಾಸ್ ಸರ್ಕಾರದ್ದು, ಅದಕ್ಕೆ ಹೊಸಪೇಟೆಯಿಂದ ಬಂದ ರೈಲು ಸಾಕು. ಇತ್ತ ಮೈಸೂರಿನ ದರ್ಬಾರಿಗೆ ಪಕ್ಕದ ಪ್ರೆಸಿಡೆನ್ಸಿಯ ಒಣ ತಾಲ್ಲೂಕಿಗೆ ದುಡ್ಡು ಸುರಿಯುವ ತುರ್ತೇನು? ಇದು ನಕ್ಷೆ ನೋಡಿ ನಾನು ಹಾಕಿದ ಲೆಕ್ಕ. ಹಡಗಲಿಯ ಪಾಡು ಇನ್ನೂ ಸ್ವಾರಸ್ಯ. ಹೊಳೆ ದಾಟಿದರೆ ಮುಂಡರಗಿ ಕಡೆ ಮುಂಬೈ ಪ್ರೆಸಿಡೆನ್ಸಿ, ಬಡಗಣಕ್ಕೆ ಕೊಪ್ಪಳದ ಕಡೆ ನಿಜಾಮರ ಸೀಮೆ, ತೆಂಕಣಕ್ಕೆ ಮೈಸೂರು. ನಾಲ್ಕು ಸರ್ಕಾರಗಳ ಮೂಲೆಯಲ್ಲಿ ಕುಳಿತ ಊರಿಗೆ ಯಾವ ಸರ್ಕಾರದ ರೈಲೂ ಬರಲಿಲ್ಲ. ಇವತ್ತಿಗೂ ಹಡಗಲಿಗೆ ರೈಲಿಲ್ಲ. ಕೂಡ್ಲಿಗಿಗೂ ಇಲ್ಲ.

ಈ ಗೆರೆ ಇಲ್ಲದ್ದರಿಂದ ಆದದ್ದೇನು ಅಂತ ಕೇಳಬಹುದು. ಕೊಟ್ಟೂರು, ಹರಪನಹಳ್ಳಿಯವರಿಗೆ ಹತ್ತಿರದ ದೊಡ್ಡ ಊರು ದಾವಣಗೆರೆ. ಹತ್ತಿ ಗಿರಣಿ ಅಲ್ಲಿ, ಮಂಡಿ ಅಲ್ಲಿ, ಕಾಲೇಜು ಅಲ್ಲಿ, ದೊಡ್ಡ ಕಾಯಿಲೆಗೆ ಆಸ್ಪತ್ರೆಯೂ ಅಲ್ಲೇ. ಕೊಟ್ಟೂರಿನಲ್ಲಿ ರೈಲು ಹತ್ತಿ ಹರಿಹರದಲ್ಲಿ ಇಳಿಯಬೇಕು ಅಂದರೆ ಹೊಸಪೇಟೆ, ಗದಗ, ಹುಬ್ಬಳ್ಳಿ ಸುತ್ತಿ ಬರಬೇಕಿತ್ತು. ಕೂಡಿಸಿ ನೋಡಿದೆ, ಸುಮಾರು 340 ಕಿಲೋಮೀಟರು. 65ರ ಬದಲು 340! ಹೀಗೆ ಯಾರೂ ಸುತ್ತುತ್ತಿರಲಿಲ್ಲ, ನಿಜ. ಬಂಡಿ, ಆಮೇಲೆ ಬಸ್ಸು, ಲಾರಿ, ಟ್ರ್ಯಾಕ್ಟರು. ಅಂದರೆ ರೈಲು ಇದ್ದ ಊರಿನವರೇ ತಮಗೆ ಬೇಕಾದ ಕಡೆಗೆ ರೈಲಿನಲ್ಲಿ ಹೋಗುವಂತಿರಲಿಲ್ಲ.

ಗಡಿ ಅಳಿಸಿದ ಮೇಲಾದರೂ ಸರಿಹೋಯಿತೇ? 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯ ಸೇರಿದವು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. 1956ರಲ್ಲಿ ಏಕೀಕರಣವೂ ಆಯಿತು. ಅದೇ ಕಾಲದಲ್ಲಿ ತುಂಗಭದ್ರಾ ಅಣೆಕಟ್ಟು ಎದ್ದು ನಾರಾಯಣದೇವರಕೆರೆಯಂಥ ಊರುಗಳು ಮುಳುಗಿದವು, ಅಲ್ಲಿಯ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಇಷ್ಟೆಲ್ಲ ಬದಲಾದರೂ ಕೊಟ್ಟೂರಿನಲ್ಲಿ ಹಳಿ ಮಾತ್ರ 1905ರಲ್ಲಿ ನಿಂತ ಜಾಗದಲ್ಲೇ ನಿಂತಿತ್ತು. ನಮ್ಮ ಆಫೀಸಿನಲ್ಲಿ ಹಳೇ ಕೋಡ್ ಇರುತ್ತದಲ್ಲ, ಬರೆದವರು ಬಿಟ್ಟು ಹೋಗಿ ವರ್ಷಗಳಾಗಿರುತ್ತವೆ, ಬರೆದ ಕಾರಣವೂ ಹೋಗಿರುತ್ತದೆ, ಆದರೂ ಯಾರೂ ಮುಟ್ಟುವುದಿಲ್ಲ... ಹಾಗೆ.

ಕೊನೆಗೆ 1995–96ರ ರೈಲ್ವೆ ಬಜೆಟ್ಟಿನಲ್ಲಿ ಕೊಟ್ಟೂರು–ಹರಿಹರ ಹೊಸ ಮಾರ್ಗ ಸೇರಿತು. ವಿಪರ್ಯಾಸ ಏನೆಂದರೆ ಅದೇ ದಶಕದಲ್ಲಿ ಗೇಜು ಬದಲಾವಣೆಯ ಗದ್ದಲದಲ್ಲಿ ಇದ್ದ ಹಳೇ ಪ್ಯಾಸೆಂಜರ್ ರೈಲೂ ನಿಂತುಹೋಯಿತು. ನಮ್ಮಪ್ಪ ಹಗರಿಬೊಮ್ಮನಹಳ್ಳಿಯಿಂದ ಹೊಸಪೇಟೆಗೆ ಅದರಲ್ಲಿ ಓಡಾಡಿದವರು. ನಾನು ಹುಟ್ಟುವ ಹೊತ್ತಿಗೆ ಅದು ಬರೀ ಕಥೆ. ಹಳಿ ಅಗಲವಾಯಿತು, ಹೊಸ ಹಳಿಯೂ ಬಿತ್ತು, ಆದರೆ ಮೊದಲು ಓಡಿದ್ದು ಗೂಡ್ಸ್ ಗಾಡಿ. ಜನ ಮನವಿ ಕೊಟ್ಟರು, ಧರಣಿ ಕೂತರು. ಪ್ಯಾಸೆಂಜರ್ ರೈಲು ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿ, ತೆಲಗಿ ಮೇಲೆ ಹರಿಹರ ಮುಟ್ಟಿದ್ದು 2019ರ ಅಕ್ಟೋಬರಿನಲ್ಲಿ. ಆರು ತಿಂಗಳು ತುಂಬುವ ಮೊದಲೇ ಕೊರೋನಾ ಬಂದು ದೇಶದ ರೈಲುಗಳೆಲ್ಲ ನಿಂತವು. ಇದೂ ನಿಂತು, ಆಮೇಲೆ ಮತ್ತೆ ಹೊರಟಿತು.

1905ರಿಂದ 2019. ನೂರಾ ಹದಿನಾಲ್ಕು ವರ್ಷ. ಗಡಿ ಇದ್ದದ್ದು ಅದರಲ್ಲಿ 48 ವರ್ಷ ಮಾತ್ರ. ಉಳಿದ 66 ವರ್ಷಕ್ಕೆ ಬ್ರಿಟಿಷರನ್ನು ದೂರುವಂತಿಲ್ಲ.

ಬೆಂಗಳೂರಿನಿಂದ ಹೋಗುವ ದಾರಿಯಲ್ಲೂ ಇದೇ ಹಳೇ ನಕ್ಷೆ ಇಣುಕುತ್ತದೆ. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಮಲಗಿದರೆ ಬೆಳಗ್ಗೆ ಹೊಸಪೇಟೆ. ಆದರೆ ನೀವು ನಿದ್ದೆಯಲ್ಲಿರುವಾಗ ಆ ರೈಲು ಆಂಧ್ರದ ಗುಂತಕಲ್ ಸುತ್ತಿ ಬಂದಿರುತ್ತದೆ. ವಿಮಾನ ಬೇಕೆಂದರೆ ಹೊಸಪೇಟೆ–ಬಳ್ಳಾರಿ ನಡುವಿನ ತೋರಣಗಲ್ಲಿನಲ್ಲಿ ವಿದ್ಯಾನಗರ ವಿಮಾನ ನಿಲ್ದಾಣವಿದೆ. ಉಕ್ಕಿನ ಕಾರ್ಖಾನೆಯ ಮಗ್ಗುಲಲ್ಲಿ ಎದ್ದದ್ದು. ಉಡಾನ್ ಯೋಜನೆಯಲ್ಲಿ 2017ರಿಂದ ಟಿಕೆಟ್ ಕೊಂಡವರೆಲ್ಲ ಹಾರುವಂತಾಯಿತು. ಆಮೇಲೆ ವಿಮಾನ ಕಂಪನಿಗಳು ಬದಲಾಗಿವೆ, ಸೇವೆ ನಿಂತೂ ಶುರುವಾಗಿಯೂ ಇದೆ. ಹೊರಡುವ ವಾರ ನೋಡಿಕೊಂಡೇ ಬುಕ್ ಮಾಡುವುದು ಕ್ಷೇಮ. ಬರಕ್ಕೆ ಬಂದ ರೈಲು, ಉಕ್ಕಿಗೆ ಬಂದ ವಿಮಾನ. ನಮ್ಮಂಥ ರಜೆಯವರಿಗೆ ಸಿಗುವುದು ಅದರ ಪಕ್ಕದ ಸೀಟು.

ಕಾರಂತೂ ಬೇಕೇ ಬೇಕು. ಕೂಡ್ಲಿಗಿ ಈಗಿನ ರಾಷ್ಟ್ರೀಯ ಹೆದ್ದಾರಿ 50ರ ಮೇಲಿದೆ, ಹಿಂದೆ ಇದನ್ನೇ 13 ಅನ್ನುತ್ತಿದ್ದರು. ಅಲ್ಲಿ ಗಾಂಧೀಜಿಯ ಚಿತಾಭಸ್ಮ ಇಟ್ಟ ಹುತಾತ್ಮರ ಸ್ಮಾರಕವಿದೆ, ಅದೇ ತಾಲ್ಲೂಕಿನಲ್ಲಿ ಗುಡೇಕೋಟೆಯ ಕೋಟೆ, ಕರಡಿ ಧಾಮ. ಹಡಗಲಿಗೆ ಹೋದರೆ ಮಲ್ಲಿಗೆ, ಕಲ್ಲೇಶ್ವರ ದೇವಾಲಯ, ಆಮೇಲೆ ಹಿರೇಹಡಗಲಿ, ಮಾಗಳ. ಹರಪನಹಳ್ಳಿ ಕಡೆ ಬಾಗಳಿ, ನೀಲಗುಂದ. ಎಲ್ಲವೂ ಚಾಲುಕ್ಯರ ಕಾಲದ ಕಲ್ಲಿನ ಕೆಲಸಕ್ಕೆ ಹೆಸರಾದವು. ಅಲೆಕ್ಸಾಂಡರ್ ರೀ ಎಂಬ ಪುರಾತತ್ವ ಇಲಾಖೆಯ ಅಧಿಕಾರಿ ಈ ಜಿಲ್ಲೆಯ ಚಾಲುಕ್ಯ ಗುಡಿಗಳ ಬಗ್ಗೆ ಚಿತ್ರ, ನಕ್ಷೆಗಳ ಸಮೇತ ಪುಸ್ತಕ ತಂದದ್ದು 1896ರಲ್ಲಿ. ಕೊಟ್ಟೂರಿಗೆ ರೈಲು ಬರಲು ಇನ್ನೂ ಒಂಬತ್ತು ವರ್ಷ ಇತ್ತು. ಎತ್ತಿನ ಬಂಡಿಯ ಕಾಲದಲ್ಲಿ ಇಷ್ಟು ಊರು ಮುಟ್ಟಿದವನ ಮುಂದೆ ನನ್ನ ಎಕ್ಸೆಲ್ ಶೀಟು ಯಾವ ಲೆಕ್ಕ!

ಇನ್ನೊಂದು ಮಾತು. 2021ರಲ್ಲಿ ಹೊಸಪೇಟೆಯ ಜೊತೆ ಈ ಐದೂ ತಾಲ್ಲೂಕು ಸೇರಿ ವಿಜಯನಗರ ಜಿಲ್ಲೆಯಾಯಿತು. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ, 2018ರಲ್ಲಿ ಮತ್ತೆ ಬಳ್ಳಾರಿಗೆ, ಮೂರೇ ವರ್ಷಕ್ಕೆ ವಿಜಯನಗರಕ್ಕೆ ಅಂತ ಕೂತಲ್ಲೇ ಮೂರು ಜಿಲ್ಲೆ ಸುತ್ತಿದೆ. ಅಲ್ಲಿಯವರು ಜಿಲ್ಲಾ ಕಚೇರಿಗೆ ಈಗ ಹೊಸಪೇಟೆಗೆ ಹೋಗಬೇಕು, ಆಸ್ಪತ್ರೆಗೆ ದಾವಣಗೆರೆಗೇ ಹೋಗುತ್ತಾರೆ. ಎರಡೂ ಕಡೆಗೆ ಈಗ ಒಂದೇ ಹಳಿಯ ಮೇಲೆ ಹೋಗಬಹುದು. ನನಗೆ ಈ ಇಡೀ ಕಥೆಯಲ್ಲಿ ಸಂತೋಷ ಕೊಟ್ಟ ಸಂಗತಿ ಇದೊಂದೇ.

ನಮ್ಮ ಪ್ಲಾನು ಕೊನೆಗೆ ಹೀಗಾಯಿತು: ರಾತ್ರಿ ರೈಲಿನಲ್ಲಿ ಹೊಸಪೇಟೆ, ಅಲ್ಲಿಂದ ಹರಿಹರದ ಪ್ಯಾಸೆಂಜರಿನಲ್ಲಿ ಕೊಟ್ಟೂರು, ಮಂಡಕ್ಕಿ ಮಿರ್ಚಿ ತಿಂದು ಅಲ್ಲಿಂದ ಬಾಡಿಗೆ ಕಾರಿನಲ್ಲಿ ಉಳಿದದ್ದು. ಅಜ್ಜಿಯೂ ಬರುತ್ತಾಳೆ. ನಿಮ್ಮಲ್ಲಿ ಯಾರಾದರೂ ಆ ಕಡೆಯವರಿದ್ದರೆ, ಮನೆಯ ಹಿರಿಯರು ಕೊಟ್ಟೂರಿನ ಮೀಟರ್ ಗೇಜ್ ರೈಲಿನಲ್ಲಿ ಓಡಾಡಿದವರಾಗಿದ್ದರೆ, ದಯವಿಟ್ಟು ಅವರನ್ನು ಕೇಳಿ ಬರೆದಿಡಿ. ಟಿಕೆಟ್ ಎಷ್ಟಿತ್ತು, ಎಷ್ಟು ಹೊತ್ತಿಗೆ ಬಿಡುತ್ತಿತ್ತು, ಜಾತ್ರೆಗೆ ಜನ ಹೇಗೆ ಹೋಗುತ್ತಿದ್ದರು ಅಂತ. ಹೇಳುವವರು ಈಗ ಎಂಬತ್ತರ ಆಸುಪಾಸಿನಲ್ಲಿದ್ದಾರೆ.