ನವರಸಪುರ: ಕಲಾವಿದರ ವಸತಿಯ ಒಂದು ದಖ್ಖನಿ ಅಧ್ಯಾಯ

ಮಸ್ಕಿಯ ಬಂಡೆಯಲ್ಲಿ ದೊರೆಯ ಹೆಸರಿದೆ. 1915ರಲ್ಲಿ ಬೆಳಕಿಗೆ ಬಂದ ಆ ಶಾಸನದಿಂದಲೇ ಬೇರೆ ಶಾಸನಗಳ ದೇವಾನಾಂಪ್ರಿಯನೆಂದರೆ ಅಶೋಕನೆಂಬುದು ಖಚಿತವಾಯಿತು. ಬರೆದವನ ಹೆಸರು ಅಲ್ಲಿಲ್ಲ. ಲಿಪಿಕಾರ ಚಪಡ ತನ್ನ ಹೆಸರು ಬಿಟ್ಟುಹೋದದ್ದು ಬ್ರಹ್ಮಗಿರಿಯ ಕಡೆ. ದೊರೆಗಾಗಿ ದುಡಿದ ಕುಶಲಿಗಳಿಗೆ ಇರಲು ನೆಲೆ ಹೇಗೆ ಒದಗುತ್ತಿತ್ತು ಎಂಬ ಪ್ರಶ್ನೆಗೆ ನಮ್ಮ ಸೀಮೆಯ ಹತ್ತಿರದಲ್ಲೇ ಸಿಗುವ ದೊಡ್ಡ ಉದಾಹರಣೆ ವಿಜಯಪುರದ್ದು. 1565ರ ತಾಳಿಕೋಟೆ ಯುದ್ಧದ ನಂತರ, ಮಸ್ಕಿಯೂ ಸೇರಿದ ಮುದಗಲ್ಲು, ರಾಯಚೂರುಗಳ ಈ ದೋಆಬನ್ನು (ಎರಡು ನದಿಗಳ ನಡುವಿನ ಸೀಮೆಯನ್ನು) ಆಳಿದ್ದು ಅಲ್ಲಿನ ಆದಿಲ್‌ಶಾಹಿಗಳೇ.

ಎತ್ತರದ ಕಟ್ಟಡಗಳಿಗೆ ಅಲ್ಲಿ ಕೊರತೆಯಿರಲಿಲ್ಲ. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ (1580–1627) ಕಾಲದ ಸಾತ್ ಮಂಜಿಲ್ ಹೆಸರೇ ಹೇಳುವಂತೆ ಏಳಂತಸ್ತಿನ ಅರಮನೆ; ಮೇಲಿನ ಅಂತಸ್ತುಗಳಿಗೂ ನೀರು ಹತ್ತಿಸಿದ್ದರು. ಆದರೆ ಇಬ್ರಾಹಿಮನ ಕಲಾಪ್ರೀತಿಗೆ ಕೋಟೆಯೊಳಗಿನ ಆ ಎತ್ತರ ಸಾಲಲಿಲ್ಲ. 1599ರಲ್ಲಿ ಅವನು ನಗರದ ಪಶ್ಚಿಮಕ್ಕೆ, ತೊರವಿಯ ಬಳಿ, ಕಲಾವಿದರು ನೆಲೆಸಲೆಂದು ಹೊಸ ಊರನ್ನೇ ಕಟ್ಟಿಸತೊಡಗಿದ. ಹೆಸರು ನವರಸಪುರ.

ಜಾಗದ ಆಯ್ಕೆಯನ್ನು ಗಮನಿಸಬೇಕು. ತೊರವಿ ನೀರಿನ ಸೆಲೆಯಿದ್ದ ಊರು; ವಿಜಯಪುರಕ್ಕೆ ನೆಲದಡಿಯ ಕಾಲುವೆಯಲ್ಲಿ ನೀರು ಹರಿದದ್ದು ಅಲ್ಲಿಂದಲೇ. ಅದು ತೊರವೆ ನರಸಿಂಹನ ಊರೂ ಹೌದು. ಕುಮಾರ ವಾಲ್ಮೀಕಿಯ ‘ತೊರವೆ ರಾಮಾಯಣ’ ಆ ದೇವರಿಗೆ ಅಂಕಿತ. ಕನ್ನಡ ಕಾವ್ಯ ಮೊದಲೇ ನೆಲೆ ಕಂಡಿದ್ದ ಮಣ್ಣಿಗೆ ದಖ್ಖನಿ ಹಾಡು ಬಂತೆಂಬುದು ನನಗೆ ಬಹಳ ಪ್ರಿಯವಾದ ಸಂಗತಿ. ಸುಲ್ತಾನ ತಾನೇ ರಚಿಸಿದ ‘ಕಿತಾಬ್-ಎ-ನವರಸ್’ ದಖ್ಖನಿ ಭಾಷೆಯ ಗೇಯಗೀತೆಗಳ ಸಂಗ್ರಹ. ಸರಸ್ವತಿಯ ಸ್ತುತಿ ಅದರಲ್ಲಿದೆ. ತನ್ನ ತಂಬೂರಿಗೆ ಅವನಿಟ್ಟ ಹೆಸರು ಮೋತಿಖಾನ್.

ಇಂಥ ದೊರೆಯನ್ನು ಹುಡುಕಿಕೊಂಡು ದೂರದವರು ಬಂದರು. ಇರಾನಿನ ಕವಿ ಜುಹೂರಿ ಅಹ್ಮದ್‌ನಗರದಿಂದ ಬಂದು, ಸುಲ್ತಾನನ ಕೃತಿಗೆ ಪಾರಸಿಯಲ್ಲಿ ಮುನ್ನುಡಿ ಬರೆದ. ಹಾಲೆಂಡಿನ ಹಾರ್ಲೆಮ್ ಪಟ್ಟಣದ ಚಿತ್ರಕಾರ ಕಾರ್ನೆಲಿಸ್ ಹೇಡಾ ಗೋವೆಯ ಪೋರ್ಚುಗೀಸರ ಸೆರೆ ಕಂಡು, 1610ರ ಹೊತ್ತಿಗೆ ಈ ಆಸ್ಥಾನ ಸೇರಿದ. ಮತ್ತೆ ತನ್ನೂರಿಗೆ ಮರಳಲಿಲ್ಲ.

ಹೇಡಾನಿಗೆ ಸಿಕ್ಕದ್ದು ಬಾಳಿಡೀ ಉಳಿದ ನೆಲೆ; ಕಲಾವಿದರಿಗೆ ಇರಲು, ಕೆಲಸ ಮಾಡಲು ಜಾಗ ಕೊಡುವ ಇಂದಿನ ಕಲಾವಿದ-ವಸತಿ ಯೋಜನೆಗಳು ತಿಂಗಳ ಲೆಕ್ಕದವು. ನ್ಯೂಯಾರ್ಕಿನ ವಿಶ್ವ ವಾಣಿಜ್ಯ ಕೇಂದ್ರದ ಗೋಪುರದಲ್ಲಿ ಅಂಥದೊಂದು ಯೋಜನೆಯಡಿ ಕಲಾವಿದರಿಗೆ ಕೆಲಸದ ಕೋಣೆಗಳನ್ನು ಕೊಟ್ಟಿದ್ದರು. ಅವರಲ್ಲೊಬ್ಬನಾದ ಶಿಲ್ಪಿ ಮೈಕೆಲ್ ರಿಚರ್ಡ್ಸ್ 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ, 92ನೆಯ ಅಂತಸ್ತಿನ ತನ್ನ ಕೋಣೆಯಲ್ಲಿದ್ದಾಗಲೇ ತೀರಿಕೊಂಡ. ವೈಭವದ ನೆರಳಲ್ಲಿ ಸಿಕ್ಕ ನೆಲೆಗೆ ಆ ವೈಭವದ ಶತ್ರುಗಳ ಭಯವೂ ಅಂಟಿಕೊಂಡಿರುತ್ತದೆ. ನವರಸಪುರಕ್ಕೆ ಆ ಗಂಡಾಂತರ ಬಂದದ್ದು 1624ರಲ್ಲಿ: ಅಹ್ಮದ್‌ನಗರದ ಮಲಿಕ್ ಅಂಬರ್ ದಂಡೆತ್ತಿ ಬಂದು ಊರನ್ನು ಹಾಳುಗೆಡವಿದ. ಕಟ್ಟತೊಡಗಿ ಕೇವಲ 25 ವರ್ಷ. ಸುಲ್ತಾನ ಇನ್ನೂ ಬದುಕಿದ್ದ.

ತೊರವಿಯಲ್ಲಿ ಈಗ ಮುಖ್ಯವಾಗಿ ಉಳಿದಿರುವುದು ಸಂಗೀತ ಮಹಲಿನ ಅವಶೇಷ. ಕೋಟೆಯೊಳಗಿನ ಗಗನ ಮಹಲನ್ನೇ ಹೋಲುವ ದೊಡ್ಡ ಕಮಾನು, ಎದುರಿಗೆ ನೀರಿನ ಹೊಂಡದ ಜಾಗ.