ಪೂರ್ಣದೇಹ ಶೀತಚಿಕಿತ್ಸೆ

ಪೂರ್ಣದೇಹ ಶೀತಚಿಕಿತ್ಸೆ ಅಥವಾ ಕ್ರಯೋಥೆರಪಿ ಎಂದರೆ ಸುಮಾರು ಮೈನಸ್ 110 ಡಿಗ್ರಿ ಸೆಲ್ಸಿಯಸ್ ಅಥವಾ ಇನ್ನೂ ಕಡಿಮೆ ಉಷ್ಣತೆಯ ಒಣಗಾಳಿಗೆ ದೇಹವನ್ನು ಎರಡರಿಂದ ನಾಲ್ಕು ನಿಮಿಷ ಒಡ್ಡುವ ವಿಧಾನ. 1970ರ ದಶಕದ ಕೊನೆಯಲ್ಲಿ ಜಪಾನಿನ ವೈದ್ಯ ತೋಶಿಮಾ ಯಮೌಚಿ ಇದನ್ನು ಸಂಧಿವಾತದ ರೋಗಿಗಳ ಮೇಲೆ ಪ್ರಯೋಗಿಸಿದರು. ತಣ್ಪಿಗೆ ಗುಣಪಡಿಸುವ ಶಕ್ತಿಯಿದೆಯೆಂಬ ನಂಬಿಕೆ ಕನ್ನಡನಾಡಿಗೆ ಹೊಸದೇನಲ್ಲ. ಮಧುಗಿರಿಗೆ ನೆರೆಯ ಕೊರಟಗೆರೆ ತಾಲ್ಲೂಕಿನ ಸಿದ್ದರಬೆಟ್ಟದ ಗುಹೆಯ ಚಿಲುಮೆನೀರಿನಲ್ಲಿ ಮಿಂದರೆ ರೋಗ ನೀಗುವುದೆಂದು ಭಕ್ತರು ನಂಬುತ್ತಾರೆ.

ಒಣಗಾಳಿಯು ನೀರಿಗಿಂತ ಬಹಳ ನಿಧಾನವಾಗಿ ಶಾಖವನ್ನು ಹೀರುವುದರಿಂದಲೇ ದೇಹ ಇಷ್ಟು ಚಳಿಯನ್ನು ತಾಳುತ್ತದೆ. ಮೈ ಬೆವರಿದ್ದರೆ ಅಥವಾ ಕಾಲುಚೀಲ ಒದ್ದೆಯಾಗಿದ್ದರೆ ಚರ್ಮ ಹೆಪ್ಪುಗಟ್ಟಬಹುದು. ಅದಕ್ಕಿಂತ ದೊಡ್ಡ ಅಪಾಯ ಸಾರಜನಕದ್ದು. ಹಲವು ಯಂತ್ರಗಳು ಮೈನಸ್ 196 ಡಿಗ್ರಿಯಲ್ಲಿ ಕುದಿಯುವ ದ್ರವ ಸಾರಜನಕದಿಂದ ತಣಿಯುತ್ತವೆ. ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಅದರ ಆವಿ ಆಮ್ಲಜನಕವನ್ನು ಹೊರದೂಡಿದಾಗ ಒಳಗಿರುವವರು ಮುನ್ಸೂಚನೆಯಿಲ್ಲದೆ ಮೂರ್ಛೆ ಹೋಗುತ್ತಾರೆ. 2015ರಲ್ಲಿ ಅಮೆರಿಕದ ನೆವಾಡಾ ರಾಜ್ಯದಲ್ಲಿ, ಯಂತ್ರವನ್ನು ಒಂಟಿಯಾಗಿ ಬಳಸಿದ ಕೇಂದ್ರವೊಂದರ ಉದ್ಯೋಗಿ ಆಮ್ಲಜನಕದ ಕೊರತೆಯಿಂದ ಮೃತಪಟ್ಟರು.

ಪ್ರಯೋಜನದ ಪುರಾವೆ ತೆಳುವಾಗಿದೆ. ಸ್ನಾಯುನೋವಿನ ಬಗ್ಗೆ 2015ರ ಕಾಕ್ರೇನ್ ವಿಮರ್ಶೆಗೆ ದೊರೆತದ್ದು ಕೇವಲ 64 ಜನರನ್ನೊಳಗೊಂಡ ನಾಲ್ಕು ಅಧ್ಯಯನಗಳು. ಯಾವ ಕಾಯಿಲೆಗೂ ಇಂತಹ ಸಾಧನವನ್ನು ತಾನು ಅನುಮೋದಿಸಿಲ್ಲವೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2016ರಲ್ಲಿ ಸ್ಪಷ್ಟಪಡಿಸಿತು. ಹೃದ್ರೋಗಿಗಳು, ಹತೋಟಿಗೆ ಬಾರದ ರಕ್ತದೊತ್ತಡವುಳ್ಳವರು ಮತ್ತು ಗರ್ಭಿಣಿಯರಿಗೆ ಈ ಚಿಕಿತ್ಸೆ ಸಲ್ಲದು.